ಒತ್ವ ಇಲ್ಲದ ಮೊರಬ

ಪರದೇಶದ ಸಾಲಿ ನೋಡಿ ಬಂದ ಮಾಸ್ತರರು ಬರೆದದ್ದನ್ನು ಓದುವ ಚಟ ನನಗೆ ಟ್ರೇನಿಂಗ್ ಕಾಲದಲ್ಲಿ ಅಂಟಿದ್ದು. ಹತ್ತು ಬರಹ ಓದಿದರೆ ಹನ್ನೊಂದನೆಯದನ್ನು ಓದದೆಯೇ ಹೇಳಬಹುದು. ಫಿನ್ಲೆಂಡಿನಲ್ಲಿ ಮಗು ಒಂದನೆಯ ಇಯತ್ತೆಗೆ ಬರುವುದು ಏಳು ವರ್ಷಕ್ಕೆ. ಮುಕ್ಕಾಲು ಗಂಟೆ ಪಾಠವಾದರೆ ಕಾಲು ಗಂಟೆ ಬಯಲಿಗೆ ಓಟ. ಜಪಾನಿನಲ್ಲಿ ಮಕ್ಕಳೇ ಕಸ ಗುಡಿಸುತ್ತಾರೆ, ಮಕ್ಕಳೇ ಊಟ ಬಡಿಸುತ್ತಾರೆ. ಇಂಗ್ಲೆಂಡಿನ ಸಮ್ಮರ್‌ಹಿಲ್‌ನಲ್ಲಿ ತರಗತಿಗೆ ಬರಲೇಬೇಕೆಂಬ ಕಟ್ಟು ಇಲ್ಲ. ಕೊನೆಗೊಂದು ನಿಟ್ಟುಸಿರು: ನಮ್ಮಲ್ಲಿ ಯಾವಾಗ?

ಇದರಲ್ಲಿ ಸುಳ್ಳೇನೂ ಇಲ್ಲ. ನನ್ನ ತಕರಾರು ನೋಡುವ ಕಣ್ಣಿನದು. ಫಿನ್ಲೆಂಡಿನ ಶಾಲೆಯಲ್ಲಿ ಎಲ್ಲ ಮಕ್ಕಳಿಗೂ ಪುಕ್ಕಟೆ ಬಿಸಿಯೂಟ 1948ರಿಂದ ಇದೆ ಎಂದು ಬೆರಗಾಗಿ ಬರೆಯುವವರು, 2002ರಲ್ಲಿ ನಮ್ಮ ರಾಜ್ಯದ ಈಶಾನ್ಯ ಜಿಲ್ಲೆಗಳಲ್ಲಿ ಶುರುವಾಗಿ ಮರುವರ್ಷ ನಮ್ಮ ಕಡೆಗೂ ಬಂದ ಅಕ್ಷರ ದಾಸೋಹದ ಸಾಲಿನಲ್ಲಿ ತಟ್ಟೆ ಹಿಡಿದು ನಿಂತ ಮಕ್ಕಳನ್ನು ದಿನಾ ಕಂಡವರೇ. ಅಲ್ಲಿ ಊಟದ ಹೊತ್ತು ಪಾಠದ ಒಂದು ಭಾಗ. ಇಲ್ಲಿ ಅನ್ನ ಸಾರು ಲೆಕ್ಕದ ಪುಸ್ತಕದ ಒಂದು ಭಾಗ. ವ್ಯತ್ಯಾಸ ಇರುವುದು ಇದರಲ್ಲಿ, ಆದರೆ ಅದನ್ನು ಬರೆದವರು ಕಡಿಮೆ.

ಕಸಬರಿಗೆಯ ವಿಷಯ ಇನ್ನೂ ಸೂಕ್ಷ್ಮ. ಜಪಾನಿನ ಮಗು ಕಾರಿಡಾರು ಒರೆಸುವಾಗ ಅದರ ಜಾತಿ ಯಾವುದೆಂದು ಯಾರೂ ಕೇಳುವುದಿಲ್ಲ, ಏಕೆಂದರೆ ಒರೆಸುವವರು ಇಡೀ ತರಗತಿ. 2023ರ ಡಿಸೆಂಬರಿನಲ್ಲಿ ಮಾಲೂರು ತಾಲ್ಲೂಕಿನ ವಸತಿ ಶಾಲೆಯೊಂದರಲ್ಲಿ ದಲಿತ ಮಕ್ಕಳನ್ನು ಮಲಗುಂಡಿಗೆ ಇಳಿಸಿದ ಸುದ್ದಿ ಓದಿದ ಮೇಲೆ, ‘ಜಪಾನಿನಂತೆ ನಮ್ಮ ಮಕ್ಕಳೂ ಸಾಲಿ ಗುಡಿಸಲಿ’ ಎಂಬ ಉಪದೇಶ ನನ್ನ ಗಂಟಲಲ್ಲಿ ಇಳಿಯುವುದಿಲ್ಲ. ಕಸಬರಿಗೆ ಅದೇ, ಆದರೆ ಅದು ಯಾರ ಕೈಗೆ ಬಂತು, ಯಾರ ಕೈಗೆ ಬರಲಿಲ್ಲ ಎಂಬುದನ್ನು ಪ್ರವಾಸಿಯ ಫೋಟೋ ಹೇಳುವುದಿಲ್ಲ.

ದೆಹಲಿ ಸರ್ಕಾರ ಶಿಕ್ಷಕರನ್ನು ಫಿನ್ಲೆಂಡಿಗೆ ಕಳಿಸುವ ವಿಷಯ 2023ರಲ್ಲಿ ಉಪರಾಜ್ಯಪಾಲರ ಜತೆ ಜಗಳವಾಗಿ ಬೀದಿಗೆ ಬಂದಿತ್ತು. ಪಂಜಾಬು 2024ರ ಅಕ್ಟೋಬರಿನಲ್ಲಿ 72 ಪ್ರಾಥಮಿಕ ಶಿಕ್ಷಕರನ್ನು ಅಲ್ಲಿನ ತುರ್ಕು ಪಟ್ಟಣಕ್ಕೆ ಕಳಿಸಿತು. ಹೋಗಲಿ ಬಿಡಿ, ಮಾಸ್ತರಿಗೂ ವಿಮಾನ ಹತ್ತುವ ಯೋಗ ಬೇಡವೇ. ಆದರೆ ಆ ದೇಶದಲ್ಲಿ ಒಂದನೆಯ ಇಯತ್ತೆ ಕಲಿಸುವವರೂ ಸ್ನಾತಕೋತ್ತರ ಪದವಿ ಮುಗಿಸಿರಬೇಕು, 1970ರ ದಶಕದಿಂದಲೇ ಶಿಕ್ಷಕರ ತರಬೇತಿ ವಿಶ್ವವಿದ್ಯಾಲಯದ ಕೆಲಸವಾಗಿದೆ. ಆ ಐದಾರು ವರ್ಷದ ಓದು ಮೂರು ವಾರದ ಪ್ರವಾಸದಲ್ಲಿ ಕಣ್ಣಿಗೆ ಬೀಳುವ ವಸ್ತುವಲ್ಲ. ಕಣ್ಣಿಗೆ ಬೀಳುವುದು ಬಣ್ಣದ ಕುರ್ಚಿ. ಇನ್ನೊಂದು ಮಾತು: ದೇಶದೇಶಗಳ ಮಕ್ಕಳನ್ನು ಅಳೆಯುವ ಪಿಸಾ ಪರೀಕ್ಷೆಯ ಓದಿನಲ್ಲಿ 2000ದಲ್ಲಿ 546 ಅಂಕ ಪಡೆದ ಫಿನ್ಲೆಂಡು 2022ಕ್ಕೆ 490ಕ್ಕೆ ಇಳಿದಿದೆ. ಅಲ್ಲಿನ ಮಾಸ್ತರರು ತಲೆ ಕೆರೆದುಕೊಳ್ಳುತ್ತಿರುವ ಹೊತ್ತಿಗೆ ನಾವು ಕೈಮುಗಿದು ಹೋಗುತ್ತಿದ್ದೇವೆ.

ನೋಡಿ ಬಂದು ನಿಜವಾಗಿ ಏನಾದರೂ ಕಟ್ಟಿದವರು ಇಲ್ಲವೇ? ಇದ್ದಾರೆ. ಟ್ರೇನಿಂಗ್ ಕಾಲೇಜಿನ ಹಾಸ್ಟೆಲಿನಲ್ಲಿ ಕೈಯಿಂದ ಕೈಗೆ ಹೋಗಿ ರಟ್ಟು ಹರಿದ ಜಪಾನಿನ ಪುಸ್ತಕ ‘ತೊತ್ತೊಚಾನ್’ ನೆನೆಯಿರಿ. ಅದರ ಹೆಡ್‌ಮಾಸ್ತರ ಸೊಸಾಕು ಕೊಬಾಯಾಶಿ ಸ್ವತಃ ಯುರೋಪಿನ ಶಾಲೆಗಳನ್ನು ನೋಡಲು ಹೋದ ಸಂಗೀತದ ಮಾಸ್ತರ. ಮೊದಲ ಸಲ ಹೋದದ್ದು 1920ರ ದಶಕದಲ್ಲಿ. ಪ್ಯಾರಿಸ್ಸಿನಲ್ಲಿ ಡಾಲ್‌ಕ್ರೋಜ್ ಪದ್ಧತಿ ಕಲಿತರು, ಅಂದರೆ ತಾಳವನ್ನು ಕಿವಿಗಿಂತ ಮೊದಲು ಕಾಲಿಗೆ ಕಲಿಸುವ ವಿದ್ಯೆ. ತಮ್ಮದೇ ತೊಮೊಎ ಶಾಲೆ ತೆರೆದದ್ದು 1937ರಲ್ಲಿ. ನಡುವೆ ಹತ್ತು ವರ್ಷಕ್ಕೂ ಮಿಕ್ಕಿ ಕಾಲ ಹೋಯಿತು. ರೈಲು ಡಬ್ಬಿಯ ತರಗತಿಗಳು ಎಲ್ಲರಿಗೂ ನೆನಪಿವೆ, ಆದರೆ ಡಬ್ಬಿ ಯುರೋಪಿನದಲ್ಲ. ಯುರೋಪಿನಿಂದ ಬಂದದ್ದು ಮಗುವಿನ ಮೈಯನ್ನು ನೋಡುವ ಅಭ್ಯಾಸ. ಹೊಸ ಹುಡುಗಿಯೊಬ್ಬಳು ಬಂದ ದಿನ ಆ ಮನುಷ್ಯ ನಾಲ್ಕು ತಾಸು ಕೂತು ಅವಳ ಮಾತು ಕೇಳಿದ. ಪ್ರವಾಸಿ ಶಿಕ್ಷಕರ ಬರಹದಲ್ಲಿ ನಾಲ್ಕು ತಾಸಿಗೆ ಮೂರು ಶಾಲೆ ಮುಗಿಯುತ್ತವೆ.

‘ತೊತ್ತೊಚಾನ್’ಗೂ ಕುಂದು ಇಲ್ಲದಿಲ್ಲ. ಅದು ಮುದ್ದಿನ ಶಿಷ್ಯೆಯೊಬ್ಬಳ ನೆನಪು, ಪುಟ್ಟ ಖಾಸಗಿ ಶಾಲೆಯ ಕಥೆ. 1945ರ ಬಾಂಬಿಗೆ ಶಾಲೆ ಸುಟ್ಟುಹೋದ್ದರಿಂದ ಅದು ಹಳೆಯದಾಗಿ ಹಳಸುವುದನ್ನು ಯಾರೂ ನೋಡಬೇಕಾಗಲಿಲ್ಲ. ನಾವು ಅದನ್ನು ಓದಿ ಅತ್ತೆವು, ಮರುದಿನ ಪಾಠಯೋಜನೆ ಅದೇ ಹಳೆ ನಮೂನೆಯಲ್ಲಿ ಬರೆದೆವು.

ನಮ್ಮ ರಾಜ್ಯದಲ್ಲೇ ನಡೆದ ಇನ್ನೊಂದು ಉದಾಹರಣೆ ನನಗೆ ಹೆಚ್ಚು ಹತ್ತಿರದ್ದು. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನ ಸರ್ಕಾರಿ ಶಿಕ್ಷಕರು ಮದನಪಲ್ಲಿ ಹತ್ತಿರದ ರಿಷಿ ವ್ಯಾಲಿಯ ಹಳ್ಳಿ ಶಾಲೆಗಳನ್ನು ನೋಡಲು ಹೋದರು. ಪಾಸ್‌ಪೋರ್ಟ್ ಬೇಕಿರಲಿಲ್ಲ, ಆದರೆ ಭಾಷೆ ಬೇರೆ, ಮಕ್ಕಳು ಹಿಡಿದು ಕಲಿಯುವ ಕಾರ್ಡು ತೆಲುಗಿನವು. ಆ ಕಾರ್ಡನ್ನು ಹಾಗೇ ಎತ್ತಿಕೊಂಡು ಬರುವಂತಿರಲಿಲ್ಲ. ತೆಲುಗಿನ ಏಣಿ, ಅಂದರೆ ಕಾರ್ಡುಗಳನ್ನು ಮೆಟ್ಟಿಲು ಮೆಟ್ಟಿಲಾಗಿ ಜೋಡಿಸಿದ ಕ್ರಮ, ಕನ್ನಡಕ್ಕೆ ಹೊಂದದು. ಹಾಗಾಗಿ ಕೂತು ತಾವೇ ಬರೆದರು, ಹಾಡು ಕಟ್ಟಿದರು, ಆಟ ಹುಡುಕಿದರು. ಅದೇ ನಲಿ-ಕಲಿ. 2009-10ರಲ್ಲಿ ಅದು ರಾಜ್ಯದ ಎಲ್ಲ ಕನ್ನಡ ಸರ್ಕಾರಿ ಶಾಲೆಗಳ ಒಂದು, ಎರಡನೆಯ ತರಗತಿಗೆ ಬಂತು.

ಕೆಲವು ವರ್ಷಗಳ ಹಿಂದೆ, ಟ್ರೇನಿಂಗಿನಲ್ಲಿದ್ದಾಗ, ನವಲಗುಂದ ತಾಲ್ಲೂಕಿನ ಮೊರಬದಲ್ಲಿ ಪಾಠ ಮಾಡಲು ನನ್ನನ್ನು ಹಾಕಿದಾಗ ಹೆಸರುಕಾಳಿನ ಸುಗ್ಗಿ. ಅಲ್ಲಿನ ಎರೆ ಹೊಲದಲ್ಲಿ ಹೆಸರು ಬಿಡಿಸುವ ಹೊತ್ತಿಗೆ ತರಗತಿಯಲ್ಲಿ ಅರ್ಧ ಚಾಪೆ ಖಾಲಿ. ಹಳೆಯ ಪದ್ಧತಿಯಲ್ಲಾದರೆ ಹದಿನೈದು ದಿನ ಹೊಲಕ್ಕೆ ಹೋದ ಮಗು ತಿರುಗಿ ಬರುವಾಗ ಪಾಠ ಊರು ದಾಟಿರುತ್ತದೆ. ನಲಿ-ಕಲಿಯ ನಿಜವಾದ ಹಿರಿಮೆ ನನಗೆ ಕಂಡದ್ದು ಅಲ್ಲಿ: ಹುಡುಗಿಯೊಬ್ಬಳು ಬಂದಳು, ಗೋಡೆಯ ಪ್ರಗತಿ ನೋಟದಲ್ಲಿ ತನ್ನ ಹೆಸರಿನ ಮುಂದೆ ಬೆರಳಿಟ್ಟಳು, ಬಿಟ್ಟ ಮೆಟ್ಟಿಲಿನ ಕಾರ್ಡು ತೆಗೆದುಕೊಂಡು ತನ್ನ ತಟ್ಟೆಗೆ (ನಲಿ-ಕಲಿಯಲ್ಲಿ ಗುಂಪಿಗೆ ತಟ್ಟೆ ಎನ್ನುತ್ತಾರೆ) ಹೋಗಿ ಕೂತಳು. ‘ಯಾಕ ಬಂದಿಲ್ಲ’ ಎಂದು ಯಾರೂ ಗದರಲಿಲ್ಲ. ಇದನ್ನು ಪರದೇಶದಲ್ಲಿ ಕಂಡಿದ್ದರೆ ನಾಲ್ಕು ಪುಟ ಬರೆಯುತ್ತಿದ್ದರು.

ಅದೇ ತರಗತಿಯಲ್ಲಿ ಒಬ್ಬ ಹುಡುಗ. ನಲಿ-ಕಲಿಯಲ್ಲಿ ಅ ಆ ಇ ಈ ಕ್ರಮ ಇಲ್ಲ. ಬರೆಯಲು ಹಗುರಾದ ರ ಗ ಸ ದ ಅ ಮೊದಲು, ಆಮೇಲೆ ಜ ವ ಮ ಬ ನ. ಐದೇ ಅಕ್ಷರಕ್ಕೆ ಅರಸ, ಅಗಸ, ಗರಗಸ ಸಿಗುತ್ತವೆ. ಮಗುವಿಗೆ ವಾರದೊಳಗೆ ಓದು ಬಂದ ಖುಷಿ. ಇದು ಸಣ್ಣ ಜಾಣತನವಲ್ಲ. ಆ ಹುಡುಗ ಎರಡನೆಯ ಗುಂಪು ಮುಗಿಸಿದ್ದ. ಪಾಟಿಯ ಮೇಲೆ ತಾನಾಗಿಯೇ ‘ಮರಬ’ ಎಂದು ಬರೆದು ನನಗೆ ತೋರಿಸಿದ. ಯಾವ ಕಾರ್ಡಿನಲ್ಲೂ ಇಲ್ಲದ ಶಬ್ದ. ಬಸ್ಸಿನ ಬೋರ್ಡು ನೋಡಿ ಬರೆದದ್ದಿರಬೇಕು.

‘ಮ ಕ್ಕ ಏನರ ಹಚ್ಚಬೇಕಲ್ಲೋ?’ ಎಂದೆ.

‘ಅದು ನಮಗಿನ್ನಾ ಬಂದಿಲ್ರೀ ಅಕ್ಕೋರ. ಮ್ಯಾಲಿನ ಮೆಟ್ಟಿಲದಾಗ ಐತ್ರಿ.’

ಒತ್ವ ಬರುವುದು ತಡ. ಏಣಿಯ ಲೆಕ್ಕದಲ್ಲಿ ಅದು ಸರಿಯೇ ಇರಬಹುದು. ಆದರೆ ಮೂರರಲ್ಲಿ ಮೂರೂ ಅಕ್ಷರ ಬಂದ ಹುಡುಗನಿಗೆ ತನ್ನೂರಿನ ಹೆಸರು ಬರೆಯಲು ಒಂದೇ ಒಂದು ಗುರುತು ಕಡಿಮೆ, ಅದಕ್ಕಾಗಿ ಅವನು ತಿಂಗಳುಗಟ್ಟಲೆ ಕಾಯಬೇಕು ಎಂದರೆ ಆ ಏಣಿ ಮೊರಬದಲ್ಲಿ ಕೂತು ಮಾಡಿದ್ದಲ್ಲ ಎಂದಾಯಿತು. ಹೆಗ್ಗಡದೇವನಕೋಟೆಯ ಶಿಕ್ಷಕರು ಕಾರ್ಡು ಬರೆಯುವಾಗ ತಮ್ಮ ಮಕ್ಕಳ ಮುಖ ಅವರ ಮುಂದಿತ್ತು. ನಮಗೆ ಬಂದದ್ದು ಅಚ್ಚಾದ ಕಾರ್ಡು, ಜತೆಗೆ ಬಳಸುವ ಕ್ರಮ. ಬರೆಯುವ ಕೆಲಸ ಬೇರೆಲ್ಲೋ ಮುಗಿದಿತ್ತು. ರಿಷಿ ವ್ಯಾಲಿಯಿಂದ ತರಬೇಕಾದದ್ದು ಆ ಬರೆಯುವ ಕೆಲಸವೇ ಆಗಿತ್ತೇನೋ. ಕ್ರಮ ಮುರಿದು ಆ ಹುಡುಗನಿಗೆ ಒತ್ವ ಹೇಳಿಕೊಡಬಹುದಿತ್ತು, ಅರ್ಧ ನಿಮಿಷದ ಕೆಲಸ. ನಾನು ಹೇಳಿಕೊಡಲಿಲ್ಲ. ನನ್ನ ಪಾಠ ನೋಡಲು ಮೇಲ್ವಿಚಾರಕರು ಬರುವವರಿದ್ದರು, ತಟ್ಟೆ ತಪ್ಪಬಾರದಿತ್ತು.

ಸಂಜೆ ಶಾಲಾ ದರ್ಶನದ ವರದಿ ತುಂಬಿದೆ. ಕಾಲೇಜು ಕೊಟ್ಟ ನಮೂನೆ: ಕೋಣೆ ಎಷ್ಟು, ಶೌಚಾಲಯ ಎಷ್ಟು, ಕುಡಿಯುವ ನೀರು ಇದೆಯೇ, ಕಂಪೌಂಡು ಇದೆಯೇ, ಗ್ರಂಥಾಲಯದ ಪುಸ್ತಕ ಎಷ್ಟು. ಕೊನೆಗೆ ‘ಗಮನಿಸಿದ ವಿಶೇಷ ಅಂಶಗಳು’ ಎಂದು ಎರಡು ಸಾಲಿನ ಜಾಗ. ಪೆನ್ನು ಹಿಡಿದು ಬಹಳ ಹೊತ್ತು ಕೂತಿದ್ದೆ. ಆಮೇಲೆ ಬರೆದೆ: ‘ಗೋಡೆಯ ಮೇಲಿನ ಚಿತ್ರಗಳು ಆಕರ್ಷಕವಾಗಿವೆ.’