ಪಾಥ್ ಪುರಾಣ

ಟರ್ಮಿನಲ್‌ನಲ್ಲಿ 'ಪೈಥಾನ್3' ಎಂದು ಬರೆದು ಎಂಟರ್ ಒತ್ತುತ್ತೀರಿ. ಓಡಿದ್ದು ಯಾವ ಪೈಥಾನ್? ಲಿನಕ್ಸ್ ಜತೆಗೇ ಬಂದದ್ದೋ, ಆಮೇಲೆ ನೀವು ಹಾಕಿಕೊಂಡದ್ದೋ, ಇನ್ಯಾವುದೋ ಪ್ಯಾಕೇಜು ಹೇಳದೆ ಕೇಳದೆ ತಂದಿಟ್ಟದ್ದೋ? "ಹೊಸ ವರ್ಷನ್ ಹಾಕಿದೆ ಸ್ವಾಮಿ, ಬರೋದು ಮಾತ್ರ ಹಳೆಯದೇ" ಎಂದು ಗೊಣಗುವವರು ಎಲ್ಲವನ್ನೂ ಅಳಿಸಿ ಮತ್ತೆ ಹಾಕುತ್ತಾರೆ. ಫಲ ಅದೇ. ತಪ್ಪು ಪ್ರೋಗ್ರಾಮಿನದಲ್ಲ, ಪಾಥ್‌ನದು.

ಪಾಥ್ ಎಂದರೆ ಫೋಲ್ಡರುಗಳ ಒಂದು ಸಾಲು. ಯುನಿಕ್ಸ್ ಮನೆತನದಲ್ಲಿ ನಡುವೆ ಕೋಲನ್, ವಿಂಡೋಸ್‌ನಲ್ಲಿ ಸೆಮಿಕೋಲನ್. ಬರೀ ಹೆಸರು ಕೊಟ್ಟರೆ, ಟರ್ಮಿನಲ್‌ನಲ್ಲಿ ನಿಮ್ಮ ಆಜ್ಞೆ ಓದುವ ಶೆಲ್ ಮೊದಲು ತನ್ನದೇ ಏಲಿಯಾಸ್, ಫಂಕ್ಷನ್, ಬಿಲ್ಟ್‌ಇನ್‌ಗಳಲ್ಲಿ ತಡಕುತ್ತದೆ. ಅಲ್ಲಿಲ್ಲವೆಂದರೆ ಈ ಸಾಲನ್ನು ಎಡದಿಂದ ಹಿಡಿದು, ಆ ಹೆಸರಿನ ಮೊದಲ ಎಕ್ಸಿಕ್ಯೂಟಬಲ್ ಸಿಕ್ಕಲ್ಲೇ ನಿಲ್ಲುತ್ತದೆ. ಅದಕ್ಕಿಂತ ಹೊಸದು ಮುಂದಿನ ಫೋಲ್ಡರಿನಲ್ಲಿ ಕೂತಿದ್ದರೆ ಕೂತಿರಲಿ. ಹೆಸರಿನಲ್ಲಿ ಒಂದು ಸ್ಲ್ಯಾಶ್ ಬಂತೋ, ಹುಡುಕಾಟವೇ ಇಲ್ಲ, ನೇರ ಆ ಜಾಗಕ್ಕೆ.

ಇವತ್ತು ನಾವು ಬಳಸುವ ರೂಪದ ಪಾಥ್ ಬಂದದ್ದು 1979ರ ಏಳನೇ ಆವೃತ್ತಿಯ ಯುನಿಕ್ಸ್ ಜತೆ, ಸ್ಟೀಫನ್ ಬೋರ್ನ್ ಬರೆದ ಶೆಲ್‌ನಲ್ಲಿ. ಅದಕ್ಕೂ ಮುಂಚಿನ ಕೆನ್ ಥಾಂಪ್ಸನ್ ಶೆಲ್‌ಗೆ ಮೂರೇ ಜಾಗ ಗೊತ್ತಿತ್ತು: ನಿಂತ ಫೋಲ್ಡರ್, '/ಬಿನ್', '/ಯುಎಸ್‌ಆರ್/ಬಿನ್'. ಈ ಎರಡು ಬಿನ್‌ಗಳನ್ನು ಫೆಡೋರಾ ಲಿನಕ್ಸ್ 2012ರಲ್ಲಿ ಒಂದು ಮಾಡಿ ಜಂಜಾಟ ಮುಗಿಸಿತು. ಒಳ್ಳೆಯದೇ ಆಯಿತು.

ನನಗೆ ಹೆಚ್ಚು ರುಚಿಸುವುದು ಬ್ಯಾಶ್ ಎಂಬ ಶೆಲ್‌ನ ಒಂದು ಗುಟ್ಟು. ಒಮ್ಮೆ ಹುಡುಕಿ ಕಂಡುಕೊಂಡ ಜಾಗವನ್ನು ಅದು ನೆನಪಿಟ್ಟುಕೊಳ್ಳುತ್ತದೆ, ಮತ್ತೆ ಮತ್ತೆ ಹುಡುಕುವ ಶ್ರಮ ಉಳಿಯಲೆಂದು. ಈಗ ನೋಡಿ: ಬೆಳಿಗ್ಗೆ '/ಯುಎಸ್‌ಆರ್/ಬಿನ್'ನ ಪೈಥಾನ್ ಓಡಿಸಿದ್ದೀರಿ. ಮಧ್ಯಾಹ್ನ ಸಾಲಿನಲ್ಲಿ ಅದಕ್ಕಿಂತ ಮುಂದಿರುವ '/ಯುಎಸ್‌ಆರ್/ಲೋಕಲ್/ಬಿನ್'ಗೆ ಹೊಸದನ್ನು ಹಾಕಿದಿರಿ. ಓಡುವುದು ಯಾವುದೆಂದು 'ವಿಚ್' ಕಮಾಂಡನ್ನು ಕೇಳಿದರೆ ಹೊಸದರ ವಿಳಾಸವನ್ನೇ ಹೇಳುತ್ತದೆ. ಓಡಿಸಿದರೆ ಹಳೆಯದು! ವಿಚ್ ಸುಳ್ಳು ಹೇಳಿಲ್ಲ. ಅದು ಹೊರಗಿನ ಪ್ರೋಗ್ರಾಮು, ಶೆಲ್‌ನ ನೆನಪು ಅದಕ್ಕೆ ಕಾಣದು. 'ಟೈಪ್' ಕೇಳಿ, ಅದು ಶೆಲ್‌ನ ಒಳಗಿನದು, ಹಳೆಯ ವಿಳಾಸ ಹ್ಯಾಶ್ ಆಗಿದೆ ಎಂದು ಒಪ್ಪಿಕೊಳ್ಳುತ್ತದೆ. 'ಹ್ಯಾಶ್ -ಆರ್' ಬರೆದರೆ ನೆನಪು ಅಳಿದು ದಾರಿ ಸರಿಹೋಗುತ್ತದೆ. 'ಟೈಪ್ -ಎ' ಎಂದರಂತೂ ಆ ಹೆಸರಿನವರೆಲ್ಲ ಎಲ್ಲೆಲ್ಲಿದ್ದಾರೆಂದು ಸರತಿಯ ಪ್ರಕಾರ ಪಟ್ಟಿ ಬರುತ್ತದೆ. ವಿಚ್ ಅನ್ನು ನಾನು ನೆಚ್ಚುವುದು ಬಿಟ್ಟಿದ್ದೇನೆ.

ನಿಂತ ಫೋಲ್ಡರನ್ನು, ಅಂದರೆ ಒಂದು ಚುಕ್ಕಿಯನ್ನು, ಪಾಥ್‌ನ ಮೊದಲಿಗೇ ಸೇರಿಸುವ ಚಪಲ ಕೆಲವರಿಗಿದೆ. ಬೇಡಿ. ಎಲ್ಲರೂ ಬರೆಯಬಹುದಾದ '/ಟಿಎಂಪಿ'ಯಲ್ಲಿ ಯಾರೋ 'ಎಲ್‌ಎಸ್' ಎಂಬ ಹೆಸರಿನ ದುಷ್ಟ ಸ್ಕ್ರಿಪ್ಟ್ ಇಟ್ಟಿದ್ದು, ಅಡ್ಮಿನ್ ಅಲ್ಲಿ ನಿಂತು ಫೈಲುಗಳ ಪಟ್ಟಿ ಕೇಳಿದರೆ ಮುಗಿಯಿತು. ಚುಕ್ಕಿಯೇ ಬೇಕಿಲ್ಲ, ಸಾಲಿನ ಆರಂಭದಲ್ಲಿ ಮರೆತ ಒಂದು ಕೋಲನ್ ಸಾಕು. ಖಾಲಿ ಜಾಗಕ್ಕೂ ನಿಂತ ಫೋಲ್ಡರ್ ಎಂದೇ ಲೆಕ್ಕ. ವಿಂಡೋಸ್‌ನ ಕಮಾಂಡ್ ಪ್ರಾಂಪ್ಟ್ ಡಾಸ್ ಕಾಲದಿಂದಲೂ ಕೇಳದೆಯೇ ಮೊದಲು ನಿಂತಲ್ಲೇ ಹುಡುಕುತ್ತದೆ. ಡಾಸ್‌ನಲ್ಲಿ 'ಇಎಕ್ಸ್‌ಇ'ಗಿಂತ ಮುಂಚೆ 'ಕಾಮ್' ಫೈಲಿಗೆ ಸರದಿ ಇತ್ತಲ್ಲ, ಅದನ್ನೇ ಬಳಸಿಕೊಂಡು ಒಳ್ಳೆಯ ಪ್ರೋಗ್ರಾಮಿನ ಪಕ್ಕ ಅದೇ ಹೆಸರಿನ ಕಾಮ್ ಫೈಲಾಗಿ ಕೂರುವ ವೈರಸ್‌ಗಳೂ ಇದ್ದವು. ಪವರ್‌ಶೆಲ್ ಈ ಚಾಳಿ ಬಿಟ್ಟಿದೆ: ನಿಂತಲ್ಲಿರುವುದನ್ನು ಓಡಿಸಬೇಕಾದರೆ ಚುಕ್ಕಿ, ಬ್ಯಾಕ್‌ಸ್ಲ್ಯಾಶ್ ಹಾಕಿ ಕರೆಯಬೇಕು. ಎರಡು ಅಕ್ಷರದ ಕಿರಿಕಿರಿ, ಆದರೆ ಸರಿಯಾದ ಕಿರಿಕಿರಿ.

ರಾತ್ರಿ ತಾನಾಗಿ ಓಡಲೆಂದು ಕ್ರಾನ್‌ಗೆ ಕೆಲಸ ಹಚ್ಚುವವರಿಗೊಂದು ಕಿವಿಮಾತು. ಡೆಬಿಯನ್‌ನಲ್ಲಿ ನಿಮ್ಮ ಕ್ರಾನ್ ಕೆಲಸಕ್ಕೆ ಸಿಗುವುದು '/ಯುಎಸ್‌ಆರ್/ಬಿನ್' ಮತ್ತು '/ಬಿನ್' ಎರಡೇ. ನೀವು ಬ್ಯಾಶ್‌ಆರ್‌ಸಿಯಲ್ಲಿ ಮುತುವರ್ಜಿಯಿಂದ ಕಟ್ಟಿದ ಸಾಲು ಅದಕ್ಕೆ ಗೊತ್ತೇ ಇಲ್ಲ. ಅಲ್ಲಿ ಪ್ರೋಗ್ರಾಮಿನ ಪೂರ್ತಿ ವಿಳಾಸ ಬರೆಯಿರಿ.