ಹುಚ್ಚು ವಿಜ್ಞಾನಿಯ ಪ್ರಯೋಗಾಲಯ

ಮೆಲ್ ಬ್ರೂಕ್ಸ್ ನಿರ್ದೇಶಿಸಿದ ‘ಯಂಗ್ ಫ್ರಾಂಕೆನ್‌ಸ್ಟೈನ್’ (1974) ಭಯ ಮತ್ತು ನಗೆ ಬೆರೆತ ಕಪ್ಪು-ಬಿಳುಪು ಚಿತ್ರ. ಅದರಲ್ಲಿ ಬಳಸಿರುವುದು 1931ರ ‘ಫ್ರಾಂಕೆನ್‌ಸ್ಟೈನ್’ಗಾಗಿ ಕೆನೆತ್ ಸ್ಟ್ರಿಕ್‌ಫ್ಯಾಡನ್ ತಯಾರಿಸಿದ್ದ ವಿದ್ಯುತ್ ಉಪಕರಣಗಳನ್ನೇ. ಹಾರುವ ಕಿಡಿಗಳು ನಿಜವಾದವು. ಒಣ ಗಾಳಿಯಲ್ಲಿ ಸೆಂಟಿಮೀಟರಿಗೆ ಸುಮಾರು 30,000 ವೋಲ್ಟ್ ಬೇಕು. ಕಿಡಿಯಿಂದ ಹೆಣ ಏಳುವುದು ಮಾತ್ರ ಕಟ್ಟುಕತೆ. ಗ್ಯಾಲ್ವಾನಿ ಕಂಡದ್ದು ಸತ್ತ ಕಪ್ಪೆಯ ಕಾಲಿನ ಸೆಳೆತವನ್ನಷ್ಟೆ.

ಆದರೆ ಈ ‘ಹುಚ್ಚ’ ತಾತ ಬರೆದಿಟ್ಟ ಪುಸ್ತಕವನ್ನು ಓದಿ, ಅದೇ ಪ್ರಯೋಗವನ್ನು ಮತ್ತೆ ಮಾಡಿ ನೋಡುತ್ತಾನೆ. ಇದು ವಿಜ್ಞಾನದ ದಾರಿಯೇ. ಕೆಡಿಸುವವನು ಸಹಾಯಕ ಐಗೋರ್. ಒಳ್ಳೆಯ ಮಿದುಳನ್ನು ಬೀಳಿಸಿ, ‘ಅಸಹಜ’ ಎಂಬ ಚೀಟಿಯಿದ್ದುದನ್ನು ತಂದುಕೊಟ್ಟು, ಕೇಳುವವರೆಗೂ ಸುಮ್ಮನಿರುತ್ತಾನೆ. ಮಧುಗಿರಿಯಲ್ಲಾಗಲಿ ಪಾವಗಡದಲ್ಲಾಗಲಿ, ಪಕ್ಕದವನ ರೀಡಿಂಗನ್ನು ತನ್ನ ರೆಕಾರ್ಡಿಗೆ ಇಳಿಸುವ ವಿದ್ಯಾರ್ಥಿ ಇವನ ತಮ್ಮನೇ ಸರಿ. ಶಿಕ್ಷಕರು ಈ ದೃಶ್ಯವನ್ನಾದರೂ ತರಗತಿಯಲ್ಲಿ ತೋರಿಸಬಹುದು.