ಬಾರ್ಡೋಲಿಯ ಅತಿಥಿಗಳು, ಬರೋಡದ ವಿದ್ಯಾರ್ಥಿ

1936ರ ಫೆಬ್ರವರಿಯಲ್ಲಿ ಹೋವರ್ಡ್ ಥರ್ಮನ್, ಅವರ ಪತ್ನಿ ಸೂ ಬೇಲಿ ಥರ್ಮನ್ ಮತ್ತು ಎಡ್ವರ್ಡ್ ಕ್ಯಾರೊಲ್ ಸೂರತ್ ಬಳಿಯ ಬಾರ್ಡೋಲಿಯಲ್ಲಿ ಗಾಂಧೀಜಿಯನ್ನು ಕಂಡರು. ವಿದ್ಯಾರ್ಥಿ ಕ್ರೈಸ್ತ ಚಳವಳಿಯ ಆಹ್ವಾನದ ಮೇಲೆ ಭಾರತ, ಬರ್ಮಾ, ಸಿಲೋನಿನ ಕಾಲೇಜುಗಳಲ್ಲಿ ಭಾಷಣ ಮಾಡುತ್ತ ಬಂದ ಕಪ್ಪು ಅಮೆರಿಕನ್ನರು ಅವರು. ಗಾಂಧಿಯ ಕಾರ್ಯದರ್ಶಿ ಮಹಾದೇವ ದೇಸಾಯಿ ಆ ಭೇಟಿಯ ಬಗ್ಗೆ ಬರೆದದ್ದು ಮಾರ್ಚ್ 14ರ ‘ಹರಿಜನ’ ಪತ್ರಿಕೆಯಲ್ಲಿ ಅಚ್ಚಾಯಿತು. ಅಹಿಂಸೆಯ ಕಲಬೆರಕೆಯಿಲ್ಲದ ಸಂದೇಶ ಜಗತ್ತಿಗೆ ಮುಟ್ಟುವುದು ಅಮೆರಿಕದ ಕಪ್ಪು ಜನರಿಂದಲೇ ಇರಬಹುದು ಎಂಬ ಅರ್ಥದ ಗಾಂಧಿಯ ಮಾತು ಆ ವರದಿಯಲ್ಲಿದೆ. 1959ರಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಅಹಮದಾಬಾದಿನ ಸಾಬರಮತಿ ಆಶ್ರಮಕ್ಕೆ ಬಂದ ಮೇಲಂತೂ ಅದು ಭವಿಷ್ಯವಾಣಿಯೇ ಆಯಿತು. ನನ್ನ ತಕರಾರು ಇಷ್ಟೇ: ಆ ಒಂದು ಮಾತು ಇಡೀ ಭೇಟಿಯನ್ನು ನುಂಗಿಹಾಕಿದೆ.

ಅಲ್ಲಿ ಮೊದಲು ಪ್ರಶ್ನೆ ಕೇಳಿದವರು ಗಾಂಧಿ. ಗುಲಾಮಗಿರಿ, ಮತದ ಹಕ್ಕು, ಗುಂಪುಹತ್ಯೆ, ಶಾಲೆ, ಚರ್ಚು, ಗುಲಾಮರು ಯಾಕೆ ಇಸ್ಲಾಮಿಗೆ ಹೋಗಲಿಲ್ಲ ಎನ್ನುವವರೆಗೆ ಕೆದಕಿ ಕೆದಕಿ ಕೇಳಿದರು. ಆಮೇಲೆ ಸೂ ಬೇಲಿ ಕೇಳಿದ್ದು ಎದೆ ನಡುಗಿಸುವಂಥದ್ದು: ನನ್ನ ಕಣ್ಣೆದುರೇ ನನ್ನ ತಮ್ಮನನ್ನು ಗುಂಪು ಕೊಂದರೆ ನಾನೇನು ಮಾಡಲಿ? ಅಹಿಂಸೆಯನ್ನು ಹೊಗಳುವ ಸಭೆ ಈ ಪ್ರಶ್ನೆಯ ಮುಂದೆ ನಿಲ್ಲಬೇಕು. ಥರ್ಮನ್ ಆತ್ಮಕಥೆಯಲ್ಲಿ ಇನ್ನೂ ಒಂದು ವಿಷಯವಿದೆ. ಅಹಿಂಸೆ ಜನರಲ್ಲಿ ಬೇರೂರದಿರಲು ಹಸಿವಿನ ಜೊತೆಗೆ ಆತ್ಮಗೌರವದ ಕೊರತೆಯೂ ಕಾರಣ, ಅದನ್ನು ಕಸಿದದ್ದು ಆಳುವ ಬಿಳಿಯರಿಗಿಂತ ನಮ್ಮದೇ ಅಸ್ಪೃಶ್ಯತೆ ಎಂದು ಗಾಂಧಿ ಒಪ್ಪಿಕೊಂಡಿದ್ದರು. ಅತಿಥಿಯ ಎದುರು ಮನೆಯ ಕೊಳೆಯನ್ನು ಬಚ್ಚಿಡದ ಈ ಆತಿಥ್ಯವನ್ನು ನಾನು ಭವಿಷ್ಯವಾಣಿಗಿಂತ ದೊಡ್ಡದೆನ್ನುತ್ತೇನೆ.

ಅದೇ ವರ್ಷ ಇನ್ನೊಬ್ಬ ಭಾಷಣಕಾರರಿಗೆ ಬೇರೆಯೇ ಅನುಭವವಾಯಿತು; ಅಂಥದ್ದು ಅವರಿಗೆ ಹೊಸದೂ ಅಲ್ಲ. ಬರೋಡ ಸಂಸ್ಥಾನದ ವಿದ್ಯಾರ್ಥಿವೇತನದಲ್ಲಿ ಕೊಲಂಬಿಯದಲ್ಲಿ ಓದಿ ಬಂದ ಅಂಬೇಡ್ಕರರಿಗೆ 1917ರಲ್ಲಿ ಬರೋಡದಲ್ಲಿ (ಇಂದಿನ ವಡೋದರಾ) ಬಾಡಿಗೆಗೆ ಮನೆ ಸಿಗಲಿಲ್ಲ. ಪಾರ್ಸಿ ಹೆಸರಿಟ್ಟುಕೊಂಡು ಪಾರ್ಸಿ ಛತ್ರದಲ್ಲಿದ್ದರು. ದೊಣ್ಣೆ ಹಿಡಿದ ಗುಂಪು ಬಂದು ಹೊರಹಾಕಿತು. 1936ರಲ್ಲಿ ಲಾಹೋರಿನ ಜಾತಿವಿರೋಧಿ ಸಂಘ ಜಾತ್-ಪಾತ್ ತೋಡಕ್ ಮಂಡಲ ಅವರನ್ನು ಅಧ್ಯಕ್ಷ ಭಾಷಣಕ್ಕೆ ಕರೆದು, ಬರೆದ ಭಾಷಣ ನೋಡಿ ಹೆದರಿ ಸಮ್ಮೇಳನವನ್ನೇ ಕೈಬಿಟ್ಟಿತು. ಅಂಬೇಡ್ಕರ್ ಅದನ್ನು ತಾವೇ ಅಚ್ಚು ಹಾಕಿಸಿದರು.

ಜಾತಿಭೇದ ಬೇರೆ, ವರ್ಣಭೇದ ಬೇರೆ, ಎರಡನ್ನೂ ಒಂದೇ ತಕ್ಕಡಿಗೆ ಹಾಕಬಾರದು ಎಂಬ ಆಕ್ಷೇಪವಿದೆ. ಬೇರೆಯೇ ನಿಜ. ಆದರೆ 1946ರಲ್ಲಿ, ಕಪ್ಪು ಅಮೆರಿಕನ್ನರು ವಿಶ್ವಸಂಸ್ಥೆಗೆ ಸಲ್ಲಿಸಿದ ಅರ್ಜಿಯ ಪ್ರತಿ ಬೇಕೆಂದು ಕಪ್ಪು ಅಮೆರಿಕನ್ ಚಿಂತಕ ಡಬ್ಲ್ಯು.ಇ.ಬಿ. ಡು ಬಾಯ್ಸ್ ಅವರಿಗೆ ಅಂಬೇಡ್ಕರರೇ ಪತ್ರ ಬರೆದರು. ಆ ವ್ಯತ್ಯಾಸ ಅವರಿಗೆ ತಿಳಿಯದ್ದಲ್ಲ. 1937ರಲ್ಲಿ ವೈಎಂಸಿಎ ಸಮ್ಮೇಳನಕ್ಕೆಂದು ಮೈಸೂರಿಗೆ ಬಂದಿದ್ದ ಕಪ್ಪು ಅಮೆರಿಕನ್ ವಿದ್ವಾಂಸ ಬೆಂಜಮಿನ್ ಮೇಸ್ ಅವರನ್ನು ದಲಿತ ಮಕ್ಕಳ ಶಾಲೆಯೊಂದರ ಮುಖ್ಯೋಪಾಧ್ಯಾಯರು ಅಮೆರಿಕದ ಅಸ್ಪೃಶ್ಯರೆಂದೇ ಪರಿಚಯಿಸಿದರು. ಮೇಸ್ ಮೊದಲು ಬೆಚ್ಚಿದರು, ಆಮೇಲೆ ಹೌದೆಂದುಕೊಂಡರು. ಅತಿಥಿಯನ್ನು ಪ್ರಶ್ನೆಗಳಿಂದ ಮುಜುಗರಪಡಿಸುವುದು ಸಭ್ಯತೆಯಲ್ಲ ಎಂಬ ಮಾತೂ ಉಂಟು. ಆದರೆ ಕೊಲಂಬೊದಲ್ಲಿ ಒಬ್ಬ ವಕೀಲರು, ಗುಲಾಮರನ್ನು ಮಾರಿದವರ ಧರ್ಮ ಹಿಡಿದು ನೀವೇಕೆ ಇಲ್ಲಿಗೆ ಬಂದಿರಿ ಎಂದು ಥರ್ಮನ್ ಅವರನ್ನು ನೇರವಾಗಿಯೇ ಕೇಳಿದ್ದರು. ಆ ಚುಚ್ಚು ಒಳಗೇ ಬೆಳೆದು 1949ರಲ್ಲಿ ‘ಜೀಸಸ್ ಆ್ಯಂಡ್ ದ ಡಿಸ್‌ಇನ್‌ಹೆರಿಟೆಡ್’ ಪುಸ್ತಕವಾಯಿತು.

ಆದ್ದರಿಂದ ಅಹಮದಾಬಾದ್, ವಡೋದರಾ, ಸೂರತ್‌ಗಳ ವಿಶ್ವವಿದ್ಯಾಲಯಗಳಲ್ಲಿ ಕಿಂಗ್ ಬಗ್ಗೆ ಮಾತಾಡಲು ಯಾರನ್ನಾದರೂ ಕರೆದಾಗ ಎರಡು ಬರಹಗಳನ್ನು ವಿದ್ಯಾರ್ಥಿಗಳ ಕೈಗೆ ಮೊದಲೇ ಕೊಡಿ: ‘ಹರಿಜನ’ದ ಆ ವರದಿ, ಮತ್ತು ಲಾಹೋರಿನಲ್ಲಿ ಓದಲು ಬಿಡದ ಆ ಭಾಷಣ.